ಒಂದೇ ಪ್ರಬಂಧದಲ್ಲಿ 1928, 1929: ಮೊದಲ ವರ್ಷದ ಕೃತಿಚೌರ್ಯದ ಒಂದು ಪ್ರಕರಣ

ನನಗೆ ಮೊದಲು ಅನುಮಾನ ಹುಟ್ಟಿಸಿದ್ದು ಎರಡು ಇಸವಿಗಳು. ಸಾಫ್ಟ್‌ವೇರ್ ಆಮೇಲೆ ಬಂತು.

ಮೊದಲ ಸೆಮಿಸ್ಟರಿನ ಬರವಣಿಗೆ ಕೋರ್ಸು. 1200 ಪದಗಳ ಪ್ರಬಂಧ ಕೊಟ್ಟಿದ್ದೆ. ಆಂಟಿಬಯೋಟಿಕ್ ಮದ್ದುಗಳಿಗೆ ರೋಗಾಣುಗಳು ಯಾಕೆ ಜಗ್ಗುತ್ತಿಲ್ಲ ಅನ್ನುವುದು ವಿಷಯ. ಒಬ್ಬ ಹುಡುಗನ ಪ್ರಬಂಧದ ಎರಡನೇ ಪ್ಯಾರಾದಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದಿದ್ದರು. ಐದನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಅದೇ ಫ್ಲೆಮಿಂಗ್ 1929ರಲ್ಲಿ ಅದೇ ಪೆನಿಸಿಲಿನ್ ಕಂಡುಹಿಡಿದಿದ್ದರು. ಎರಡನೇ ಪ್ಯಾರಾದ ವಾಕ್ಯಗಳು ಮೂರು ಮೂರು ಸಾಲು ಉದ್ದ, ಗಂಭೀರ. ಐದನೇ ಪ್ಯಾರಾದಲ್ಲಿ ಎಲ್ಲ ಚುಟುಕು, ಸ್ವಲ್ಪ ತಮಾಷೆಯೂ ಇತ್ತು. ಒಂದೇ ಮನುಷ್ಯ ಬರೆದ ಹಾಗೆ ಇರಲಿಲ್ಲ.

ಅಂದಹಾಗೆ, ಎರಡೂ ಇಸವಿಗೆ ಕಾರಣ ಇದೆ. ಗಾಜಿನ ತಟ್ಟೆಯಲ್ಲಿ ಬೂಷ್ಟು ಬೆಳೆದ ಕಡೆ ಬ್ಯಾಕ್ಟೀರಿಯಾ ಸತ್ತಿದ್ದನ್ನು ಫ್ಲೆಮಿಂಗ್ ಗಮನಿಸಿದ್ದು 1928ರ ಸೆಪ್ಟೆಂಬರಿನಲ್ಲಿ. ಅದರ ಬಗ್ಗೆ ಅವರ ಲೇಖನ ಅಚ್ಚಾಗಿದ್ದು 1929ರಲ್ಲಿ. ಕೆಲವರು ಮೊದಲನೆಯದನ್ನು ಹಿಡಿಯುತ್ತಾರೆ, ಕೆಲವರು ಎರಡನೆಯದನ್ನು. ಹುಡುಗ ಎರಡು ಕಡೆಯಿಂದ ಎತ್ತಿದ್ದ. ಎರಡೂ ಒಂದಕ್ಕೊಂದು ಜಗಳ ಆಡುತ್ತಿವೆ ಅನ್ನುವುದು ಅವನ ಗಮನಕ್ಕೇ ಬಂದಿರಲಿಲ್ಲ.

ಈ ಪ್ರಕರಣವನ್ನು ಪೂರ್ತಿ ಬರೆದಿಡಬೇಕು ಅಂತ ಅನಿಸಿದ್ದು ಯಾಕೆಂದರೆ, ಇದರಲ್ಲಿ ನಾನು ಮಾಡಿದ್ದು ಅಷ್ಟೂ ಸರಿಯಾಗಿರಲಿಲ್ಲ. ಹುಡುಗ ಯಾರು, ಯಾವ ಕಾಲೇಜು ಅನ್ನುವುದನ್ನು ಬಿಟ್ಟಿದ್ದೇನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಶೇಕಡಾ 38

ಪ್ರಬಂಧಗಳೆಲ್ಲ ಹೋಲಿಕೆ ತಪಾಸಣೆಯ ಸಾಫ್ಟ್‌ವೇರ್ ದಾಟಿಯೇ ನನ್ನ ಕೈಗೆ ಬರುತ್ತವೆ. ಇವನದಕ್ಕೆ ಶೇಕಡಾ 38 ಅಂತ ಬಂತು. ಟರ್ನಿಟಿನ್‌ನಂಥ ಸಾಫ್ಟ್‌ವೇರ್‌ಗಳಲ್ಲಿ 24ರವರೆಗೆ ಹಸಿರು, 25ರಿಂದ 49ರವರೆಗೆ ಹಳದಿ, ಆಮೇಲೆ ಕಿತ್ತಳೆ, 75ರಿಂದ ಮೇಲೆ ಕೆಂಪು. ಬಣ್ಣ ಕಂಡ ತಕ್ಷಣ ಮೇಷ್ಟ್ರುಗಳ ತಲೆಯಲ್ಲಿ ತೀರ್ಪು ಬರೆದಾಗಿರುತ್ತದೆ. ನನ್ನದೂ ಹಾಗೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ಆ ಅಂಕಿ ಹೇಳುವುದು ಒಂದೇ ಸಂಗತಿ. ಈ ಬರಹದ ಇಷ್ಟು ಭಾಗ ಬೇರೆಲ್ಲೋ ಇರುವ ಪದಗಳ ಸಾಲಿಗೆ ಹೊಂದುತ್ತದೆ, ಅಷ್ಟೇ. ಕದ್ದದ್ದೋ, ಹೆಸರು ಹೇಳಿ ಬಳಸಿದ್ದೋ ಅದಕ್ಕೆ ಗೊತ್ತಾಗುವುದಿಲ್ಲ. ಅದೇ ಬ್ಯಾಚಿನಲ್ಲಿ ಒಬ್ಬಳು ಹುಡುಗಿಯದು ಶೇಕಡಾ 41 ಬಂದಿತ್ತು. ಬಿಡಿಸಿ ನೋಡಿದರೆ ಉದ್ದುದ್ದ ಉದ್ಧರಣೆಗಳು, ಎಲ್ಲದಕ್ಕೂ ಉದ್ಧರಣ ಚಿಹ್ನೆ, ಎಲ್ಲದಕ್ಕೂ ಮೂಲದ ಹೆಸರು. ಜೊತೆಗೆ ನಾನು ಕೊಟ್ಟ ಪ್ರಶ್ನೆಯನ್ನೇ ಮೇಲೆ ಟೈಪ್ ಮಾಡಿದ್ದಳು. ಅವನ್ನೆಲ್ಲ ತೆಗೆದರೆ ಉಳಿದಿದ್ದು 7. ಮತ್ತೊಬ್ಬನದು ಬರೀ 4, ಅಚ್ಚ ಹಸಿರು. ಓದಲು ಬೆಣ್ಣೆಯಂತಿತ್ತು. ಕರೆಸಿ ಅವನದೇ ಎರಡನೇ ಪ್ಯಾರಾದ ಒಂದು ಪದದ ಅರ್ಥ ಕೇಳಿದೆ. ಹೇಳಲು ಆಗಲಿಲ್ಲ. ಬೇರೆಯವರ ಕೈಯಲ್ಲಿ ಬರೆಸಿದ್ದೆ ಅಂತ ಹತ್ತು ನಿಮಿಷದಲ್ಲಿ ಒಪ್ಪಿಕೊಂಡ. ಅದು ಸೀದಾ ಇಂಥ ಪ್ರಕರಣ ವಿಚಾರಿಸುವ ಸಮಿತಿಗೆ ಹೋಯಿತು. ಅದರ ಬಗ್ಗೆ ಹೇಳಲು ಜಾಸ್ತಿ ಏನೂ ಇಲ್ಲ.

ನಮ್ಮ ಹುಡುಗನ 38ರಲ್ಲಿ ಕೊನೆಯ ಆಕರ ಪಟ್ಟಿ, ಪ್ರಶ್ನೆಯ ಸಾಲು, ಸಣ್ಣಪುಟ್ಟ ಸಾಮಾನ್ಯ ಪದಗುಚ್ಛಗಳನ್ನು ಕಳೆದೆ. 27 ಉಳಿಯಿತು. ಅದನ್ನು ಸಾಲು ಸಾಲಾಗಿ ಮೂಲದ ಪಕ್ಕ ಇಟ್ಟುಕೊಂಡು ಕೂತೆ. ಒಂದು ಸಂಜೆ ಪೂರ್ತಿ ಹೋಯಿತು.

ಪಕ್ಕಪಕ್ಕ ಇಟ್ಟಾಗ

ಮೂಲದಲ್ಲಿ ಇದ್ದದ್ದು ಹೀಗೆ: "1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸುತ್ತಾ ಫ್ಲೆಮಿಂಗ್, ಪೆನಿಸಿಲಿನ್ ಅನ್ನು ಅಗತ್ಯಕ್ಕಿಂತ ಕಡಿಮೆ ಪ್ರಮಾಣದಲ್ಲಿ ಸೇವಿಸಿದರೆ ಸೂಕ್ಷ್ಮಜೀವಿಗಳು ಸಾಯುವ ಬದಲು ಔಷಧಕ್ಕೆ ಪ್ರತಿರೋಧ ಬೆಳೆಸಿಕೊಳ್ಳುವ ಅಪಾಯವಿದೆ ಎಂದು ಎಚ್ಚರಿಸಿದ್ದರು."

ಹುಡುಗ ಬರೆದದ್ದು ಹೀಗೆ: "1945ರಲ್ಲಿ ನೊಬೆಲ್ ಪುರಸ್ಕಾರ ಪಡೆಯುತ್ತಾ ಫ್ಲೆಮಿಂಗ್, ಪೆನಿಸಿಲಿನ್ ಅನ್ನು ಅವಶ್ಯಕತೆಗಿಂತ ಅಲ್ಪ ಪ್ರಮಾಣದಲ್ಲಿ ತೆಗೆದುಕೊಂಡರೆ ಸೂಕ್ಷ್ಮಾಣುಗಳು ಮರಣಿಸುವ ಬದಲು ಮದ್ದಿಗೆ ವಿರೋಧ ವೃದ್ಧಿಸಿಕೊಳ್ಳುವ ಗಂಡಾಂತರವಿದೆ ಎಂದು ಮುನ್ನೆಚ್ಚರಿಕೆ ನೀಡಿದ್ದರು."

ವಾಕ್ಯದ ಮೂಳೆ ಹಾಗೇ ಇದೆ. ಮೇಲಿನ ಬಟ್ಟೆ ಮಾತ್ರ ಬೇರೆ. ಒಂದೊಂದು ಪದವನ್ನೂ ಹೆಕ್ಕಿ ಅದರ ಜಾಗಕ್ಕೆ ಇನ್ನೊಂದನ್ನು ಕೂರಿಸಿದ್ದಾನೆ. ಸಾಫ್ಟ್‌ವೇರ್ ಇದರಲ್ಲಿ ಅರ್ಧ ಸಾಲನ್ನು ಮಾತ್ರ ಹಿಡಿದಿತ್ತು. ಮೂಲದ ಹೆಸರು ಪ್ರಬಂಧದ ಕೊನೆಯ ಪಟ್ಟಿಯಲ್ಲಿ ಇದೆ, ಈ ವಾಕ್ಯದ ಹತ್ತಿರ ಇಲ್ಲ.

ಇದಕ್ಕೆ ಬರವಣಿಗೆ ಕಲಿಸುವವರ ನಡುವೆ ಒಂದು ಹೆಸರಿದೆ, ಪ್ಯಾಚ್‌ರೈಟಿಂಗ್. ತೇಪೆ ಬರವಣಿಗೆ ಅನ್ನೋಣ. 1990ರ ದಶಕದಲ್ಲಿ ಅಮೆರಿಕದ ರೆಬೆಕಾ ಮೂರ್ ಹೊವಾರ್ಡ್ ಈ ಪದ ಚಲಾವಣೆಗೆ ತಂದರು. ಹೊಸ ವಿಷಯಕ್ಕೆ ಕಾಲಿಡುವವರು ಅರ್ಥ ಪೂರ್ತಿ ದಕ್ಕದೇ ಇದ್ದಾಗ ಹೀಗೆ ಬರೆಯುತ್ತಾರೆ, ಇದು ಕಲಿಕೆಯ ಒಂದು ಹಂತ, ಇದನ್ನು ಕಳ್ಳತನದ ಲೆಕ್ಕಕ್ಕೆ ಹಾಕಬೇಡಿ ಅನ್ನುವುದು ಅವರ ವಾದ. ಅವರೂ ಜೊತೆಗಾರರೂ ಆಮೇಲೆ 16 ಕಾಲೇಜುಗಳ 174 ಪ್ರಬಂಧಗಳನ್ನು ಮೂಲಗಳ ಜೊತೆ ಹೋಲಿಸಿ ನೋಡಿದರು. ವಿದ್ಯಾರ್ಥಿಗಳು ಎತ್ತಿಕೊಂಡಿದ್ದರಲ್ಲಿ ಬಹುಪಾಲು ಮೂಲದ ಮೊದಲ ಎರಡು ಮೂರು ಪುಟಗಳಿಂದಲೇ ಬಂದಿತ್ತು. ಲೇಖನ ಓದಿ ಬರೆಯುವ ಬದಲು ವಾಕ್ಯ ಹುಡುಕಿ ಬರೆಯುತ್ತಾರೆ ಅಂತ ಆಯಿತು. ನಾನು ಹೊವಾರ್ಡ್ ಅವರ ವಾದವನ್ನು ಪೂರ್ತಿ ಒಪ್ಪುವವಳಲ್ಲ. ಕಳ್ಳತನ ಅಲ್ಲದಿದ್ದರೂ ಅದು ತಪ್ಪೇ. ಆದರೆ ಈ ಹುಡುಗನ ವಿಷಯದಲ್ಲಿ ಅವರು ಹೇಳಿದ್ದು ಅಕ್ಷರಕ್ಷರ ಹೊಂದಿತು.

ಪದ ಬದಲಿಸುವ ಚಟ ಮೊದಲ ವರ್ಷದವರಿಗೆ ಮಾತ್ರ ಅಂದುಕೊಳ್ಳಬೇಡಿ. 2021ರಲ್ಲಿ ಗಿಯೋಂ ಕಬನಾಕ್, ಸಿರಿಲ್ ಲಬ್ಬೆ, ಅಲೆಕ್ಸಾಂಡರ್ ಮಗಜಿನೊವ್ ಎಂಬ ಮೂವರು ಸಂಶೋಧಕರು ಅಚ್ಚಾದ ವಿಜ್ಞಾನ ಲೇಖನಗಳಲ್ಲೇ ಇಂಥ ಪ್ರಯೋಗಗಳನ್ನು ಪತ್ತೆ ಹಚ್ಚಿದರು. ಕೃತಕ ಬುದ್ಧಿಮತ್ತೆ ಅನ್ನುವ ಕಡೆ "ನಕಲಿ ಪ್ರಜ್ಞೆ" ಅನ್ನುವ ಅರ್ಥದ ಪದ ಬಂದು ಕೂತಿತ್ತು. ಸ್ತನ ಕ್ಯಾನ್ಸರ್ "ಎದೆಯ ಗಂಡಾಂತರ" ಆಗಿತ್ತು. ಯಂತ್ರಕ್ಕೆ ಕೊಟ್ಟು ಸಮಾನಾರ್ಥಕ ಹಾಕಿಸಿದರೆ ಹೀಗೇ ಆಗುವುದು. ನಮ್ಮ ಹುಡುಗ ಕೈಯಲ್ಲೇ ಮಾಡಿದ್ದ. ಅದಕ್ಕೇ ಅವನ ಗಂಡಾಂತರ ಸ್ವಲ್ಪ ಕಡಿಮೆ.

ಸ್ಟಾಫ್ ರೂಮಿನಲ್ಲಿ ಒಬ್ಬ ಸಹೋದ್ಯೋಗಿ, "ಎಐ ಡಿಟೆಕ್ಟರ್‌ಗೂ ಒಮ್ಮೆ ಹಾಕಿ ನೋಡಿ ಮೇಡಂ" ಅಂದರು. ಬರೆದದ್ದು ಮನುಷ್ಯನೋ ಯಂತ್ರವೋ ಅಂತ ಹೇಳುವ ಸಾಫ್ಟ್‌ವೇರ್ ಅದು. ನಾನು ಹಾಕಲಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಬಿಟ್ಟ ಇಂಥದೊಂದು ಸಾಧನವನ್ನು ನಿಖರತೆ ಸಾಲದು ಅಂತ ಅದೇ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತ್ತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಏಳು ಡಿಟೆಕ್ಟರ್‌ಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಸ್ವಂತವಾಗಿ ಬರೆದ 91 ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನು ಅವು ಯಂತ್ರ ಬರೆದದ್ದು ಅಂದುಬಿಟ್ಟವು. ಅಂಥ ಸಾಕ್ಷಿ ಇಟ್ಟುಕೊಂಡು ಹದಿನೆಂಟರ ಹುಡುಗನ ಮುಂದೆ ಕೂರಲು ನನಗೆ ಮನಸ್ಸು ಬರಲಿಲ್ಲ. ಅದೂ ಅಲ್ಲದೆ ಮೂಲ ಕೈಯಲ್ಲೇ ಇತ್ತು.

ಆ ಮಧ್ಯಾಹ್ನ

ಕರೆಸಿದೆ. ಲ್ಯಾಪ್‌ಟಾಪ್ ತರಲು ಹೇಳಿದ್ದೆ. ಬಂದವನ ಮುಖ ನೋಡಿದರೆ ಆಗಲೇ ಸಸ್ಪೆಂಡ್ ಆದವನ ಹಾಗಿದ್ದ. ನಾನು ಕೃತಿಚೌರ್ಯ ಎಂಬ ಪದವನ್ನೇ ಎತ್ತಲಿಲ್ಲ. ಆ ಪದ ಕಿವಿಗೆ ಬಿದ್ದರೆ ಎದುರಿನವರು ಬಾಯಿ ಬಿಡುವುದಿಲ್ಲ. ರೋಮನ್ ಕವಿ ಮಾರ್ಷಿಯಲ್ ಒಂದನೇ ಶತಮಾನದಲ್ಲಿ ತನ್ನ ಪದ್ಯ ಕದ್ದವನನ್ನು ಮಕ್ಕಳ ಕಳ್ಳ, ಆಳುಗಳ ಕಳ್ಳ ಅನ್ನುವ ಅರ್ಥದ ಪದದಿಂದ ಬೈದಿದ್ದ. ಕೃತಿಚೌರ್ಯಕ್ಕೆ ಇಂಗ್ಲಿಷಿನಲ್ಲಿರುವ ಪ್ಲೇಜಿಯರಿಸಂ ಅನ್ನುವ ಪದ ಅಲ್ಲಿಂದಲೇ ಬಂದದ್ದು. ಅಷ್ಟು ಭಾರದ ಮಾತನ್ನು ಮೊದಲ ಐದು ನಿಮಿಷದಲ್ಲೇ ಯಾಕೆ ಇಳಿಸಬೇಕು ಅಲ್ವಾ?

"ಪ್ರಬಂಧ ಹೇಗೆ ಬರೆದೆ, ಮೊದಲಿಂದ ತೋರಿಸು" ಅಂದೆ.

ಫೈಲ್ ತೆರೆದ. "ನೋಟ್ಸ್ ಫೈನಲ್ 2" ಅಂತ ಹೆಸರು. 14 ಪುಟ. ಎಲ್ಲ ಅಲ್ಲಿಂದ ಇಲ್ಲಿಂದ ತಂದು ಅಂಟಿಸಿದ್ದು. ಎಲ್ಲಿಂದ ತಂದದ್ದು ಅನ್ನುವುದು ಒಂದು ಕಡೆಯೂ ಇಲ್ಲ. ಅಕ್ಷರದ ಗಾತ್ರ ಪ್ಯಾರಾದಿಂದ ಪ್ಯಾರಾಕ್ಕೆ ಬೇರೆ. ಕೆಲವು ಕಡೆ ಹಿಂದೆ ಬೂದು ಬಣ್ಣ ಬೇರೆ ಬಂದಿತ್ತು, ವೆಬ್‌ಸೈಟಿನ ಬಣ್ಣ ಪದಗಳ ಜೊತೆಗೇ ಬಂದುಬಿಟ್ಟಿತ್ತು. ಇವನದೇ ಆದ ಒಂದು ಸಾಲೂ ಆ 14 ಪುಟದಲ್ಲಿ ಇರಲಿಲ್ಲ.

"ಇದರಲ್ಲಿ ನಿನ್ನದು ಯಾವುದು?"

"ನನ್ನದಾ ಮೇಡಂ? ಇದು ನೋಟ್ಸ್ ಅಲ್ವಾ?"

ಅವನ ಮಟ್ಟಿಗೆ ನೋಟ್ಸ್ ಅಂದರೆ ಇದೇ. ಆಮೇಲೆ ಬರವಣಿಗೆ ಅಂದರೆ ಇದನ್ನು ಜೋಡಿಸಿ, ಪದ ಬದಲಿಸುವುದು. ಫೈಲಿನ ಹಿಂದಿನ ಆವೃತ್ತಿಗಳನ್ನು ನೋಡಿದೆವು. ಮೂರು ರಾತ್ರಿ ಕೆಲಸ ಮಾಡಿದ್ದ. ಒಂದು ವಾಕ್ಯವನ್ನು ನಾಲ್ಕು ಸಲ ತಿದ್ದಿದ್ದ. ಕಳ್ಳತನ ಮಾಡುವವನು ಇಷ್ಟು ಕಷ್ಟಪಡುವುದಿಲ್ಲ ಅಂತ ನನಗೆ ಆಗ ಅನಿಸಿತು. ಆ ಮೂರು ರಾತ್ರಿಯಲ್ಲಿ ಅವನು ಸ್ವಂತದ್ದೇ ಎರಡು ಪ್ರಬಂಧ ಬರೆಯಬಹುದಿತ್ತು.

"ಕಾಪಿ ಮಾಡಬಾರದು ಅಂತ ಗೊತ್ತಿತ್ತು ಮೇಡಂ. ಅದಕ್ಕೇ ಎಲ್ಲ ಚೇಂಜ್ ಮಾಡಿದೆ."

"ಮೂಲದ ಹೆಸರು ಯಾಕೆ ಹಾಕಲಿಲ್ಲ?"

"ಹಾಕಿದ್ದೀನಲ್ಲ, ಕೊನೇಲಿ."

ಇದು ನಾಟಕ ಅಲ್ಲ. ಇಷ್ಟು ವರ್ಷದಲ್ಲಿ ನಾಟಕ ಗುರುತಿಸುವಷ್ಟು ಕಣ್ಣು ಬಂದಿದೆ. ಸ್ಕೂಲಿನಲ್ಲಿ ಅವನು ಕಲಿತ ನಿಯಮ ಬೇರೆ. ಪಠ್ಯದಲ್ಲಿ ಇರುವ ಹಾಗೇ ಬರೆದರೆ ಪೂರ್ತಿ ಅಂಕ, ಸ್ವಂತ ಮಾತು ಸೇರಿಸಿದರೆ ಒಂದು ಅಂಕ ಕಟ್. ಹನ್ನೆರಡು ವರ್ಷ ಅದೇ ನಿಯಮ. ಒಂದು ಬೇಸಿಗೆ ರಜೆ ಮುಗಿಸಿ ಇಲ್ಲಿಗೆ ಬರುವಷ್ಟರಲ್ಲಿ ನಿಯಮ ತಲೆಕೆಳಗು. ಹೇಳಿದವರು ಯಾರು? ಕೋರ್ಸಿನ ಕೈಪಿಡಿಯ 22ನೇ ಪುಟ.

ಆಮೇಲೆ ಒಂದು ಪ್ರಯೋಗ ಮಾಡಿದೆ. ಆ ಫ್ಲೆಮಿಂಗ್ ವಾಕ್ಯದ ಮೂಲವನ್ನು ಎರಡು ಸಲ ಓದಿಸಿದೆ. ಲ್ಯಾಪ್‌ಟಾಪ್ ಮುಚ್ಚಿಸಿದೆ. "ಈಗ ನನಗೆ ಹೇಳು. ನಿನ್ನ ತಮ್ಮನಿಗೆ ಹೇಳುವ ಹಾಗೆ."

ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ಅಂದ: "ಮದ್ದು ಪೂರ್ತಿ ತಗೊಳ್ದೆ ಅರ್ಧಕ್ಕೆ ಬಿಟ್ರೆ ರೋಗಾಣು ಸಾಯಲ್ಲ. ಮದ್ದನ್ನ ತಡ್ಕೊಳ್ಳೋದು ಕಲಿತುಬಿಡುತ್ತೆ. ಇದನ್ನ ಮದ್ದು ಕಂಡುಹಿಡಿದವರೇ ಹೇಳಿದ್ರು, 1945ರಲ್ಲೇ."

"ಇದನ್ನೇ ಬರಿ."

"ಇದನ್ನಾ? ಇದು ಪ್ರಬಂಧದ ಭಾಷೆ ಅಲ್ವಲ್ಲ ಮೇಡಂ."

ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸಿದ ಮಾತು ಇದು. ತನ್ನ ವಾಕ್ಯ ಪ್ರಬಂಧದ ಒಳಗೆ ಕಾಲಿಡಲು ಯೋಗ್ಯ ಅಲ್ಲ ಅಂತ ಅವನು ನಂಬಿದ್ದ. ಅದಕ್ಕೇ "ಸಾಯುವ" ಅನ್ನುವುದನ್ನು "ಮರಣಿಸುವ" ಮಾಡಿದ್ದ.

ಇನ್ನೊಂದು ಸಂಗತಿಯೂ ಆಯಿತು. "ಕಲಿತುಬಿಡುತ್ತೆ" ಅಂದನಲ್ಲ, ಅದು ತಪ್ಪು. ರೋಗಾಣು ಏನೂ ಕಲಿಯುವುದಿಲ್ಲ. ಲಕ್ಷಾಂತರ ರೋಗಾಣುಗಳಲ್ಲಿ ಕೆಲವು ಮೊದಲೇ ಸ್ವಲ್ಪ ಬೇರೆ ಇರುತ್ತವೆ. ಸೌಮ್ಯವಾದ ಪೆಟ್ಟಿಗೆ ಮಿಕ್ಕವೆಲ್ಲ ಸತ್ತು ಅವು ಉಳಿಯುತ್ತವೆ, ಹಾಗೆ ಉಳಿದವೇ ಹೆಚ್ಚುತ್ತವೆ. ಅವನ ಸ್ವಂತ ವಾಕ್ಯ ಬಂದ ಮೇಲೆಯೇ ಅವನಿಗೆ ಇದು ಅರ್ಥವಾಗಿಲ್ಲ ಅಂತ ನನಗೆ ತಿಳಿದದ್ದು. ಎತ್ತಿ ತಂದ ವಾಕ್ಯದಲ್ಲಿ ತಪ್ಪೇ ಇರಲಿಲ್ಲ. ಅದನ್ನು ನೋಡಿ ನಾನು ಸರಿ ಅಂತ ಗುರುತು ಹಾಕಿ ಮುಂದೆ ಹೋಗಿಬಿಡುತ್ತಿದ್ದೆ.

ನಡುಹಾದಿಯ ತೀರ್ಮಾನ

ನಿಯಮದ ಪ್ರಕಾರ ಎರಡು ದಾರಿ ಇದ್ದವು. ಸಮಿತಿಗೆ ಕಳಿಸುವುದು. ಇಲ್ಲವೇ ಮೊದಲ ವರ್ಷ, ಮೊದಲ ತಪ್ಪು ಅಂತ ದಾಖಲು ಮಾಡಿ ಕೋರ್ಸಿನ ಮಟ್ಟದಲ್ಲೇ ಮುಗಿಸುವುದು. ನಾನು ಎರಡನೆಯದನ್ನು ಹಿಡಿದೆ. ದಾಖಲೆಯಲ್ಲಿ ಹೆಸರು ಬಂತು. ಎರಡು ವಾರದಲ್ಲಿ ಮೊದಲಿಂದ ಬರೆಯಬೇಕು. ಎಷ್ಟು ಚೆನ್ನಾಗಿ ಬರೆದರೂ ಅರ್ಧಕ್ಕಿಂತ ಜಾಸ್ತಿ ಅಂಕ ಇಲ್ಲ. ಬರೆಯುವ ಮೊದಲು ನೋಟ್ಸ್ ತೋರಿಸಬೇಕು.

ಸಹೋದ್ಯೋಗಿಗಳಲ್ಲಿ ಇಬ್ಬರಿಗೆ ಇದು ಸರಿ ಕಾಣಲಿಲ್ಲ. ಸೊನ್ನೆ ಹಾಕಿದ್ದರೆ ಮುಂದಿನ ಬ್ಯಾಚಿಗೂ ಪಾಠ ಆಗುತ್ತಿತ್ತು ಅಂದರು. ಆ ವಾದಕ್ಕೆ ನನ್ನಲ್ಲಿ ಉತ್ತರ ಇತ್ತು. ಉತ್ತರ ಇಲ್ಲದೇ ಹೋದದ್ದು ಒಬ್ಬ ವಿದ್ಯಾರ್ಥಿನಿಯ ಮಾತಿಗೆ. ವಿಷಯ ಹೇಗೋ ಹೊರಗೆ ಗೊತ್ತಾಗಿತ್ತು. ಅವಳು ಬಂದು ನೇರವಾಗಿಯೇ ಕೇಳಿದಳು: "ಮೇಡಂ, ನಾನು ಪೂರ್ತಿ ಸ್ವಂತ ಬರೆದು 46 ತಗೊಂಡೆ. ಅವನಿಗೆ ಎರಡು ಸಲ ಬರೆಯೋಕೆ ಸಿಕ್ಕಿತು, ನಿಮ್ಮ ಜೊತೆ ಕೂತು ಕಲಿಯೋಕೆ ಬೇರೆ ಸಿಕ್ಕಿತು. ಅವನಿಗೂ 50ರವರೆಗೆ ಬರಬಹುದು. ನನಗೆ ಏನು ಸಿಕ್ಕಿತು?"

ಅವಳು ಹೇಳಿದ್ದು ಸರಿ. ತಪ್ಪು ಮಾಡಿದವನಿಗೆ ನನ್ನ ಮೂರು ಗಂಟೆ ಸಿಕ್ಕಿತ್ತು. ಇವಳಿಗೆ ಅಂಕದ ಪಕ್ಕ ಎರಡು ಸಾಲು ಷರಾ ಸಿಕ್ಕಿತ್ತು. ಬೇಕಿದ್ದರೆ ನೀನೂ ತಿದ್ದಿ ಕೊಡು, ನಿನಗೆ ಅಂಕದ ಮಿತಿ ಇಲ್ಲ ಅಂದೆ. ಕೊಟ್ಟಳು, 61 ಬಂತು. ಹಾಗಂತ ಅವಳ ಪ್ರಶ್ನೆ ಮುಗಿದ ಹಾಗೇನೂ ಅಲ್ಲ. ಬಾಗಿಲು ತಟ್ಟದ ಉಳಿದವರಿಗೆ ನಾನು ಏನೂ ಕೊಡಲಿಲ್ಲವಲ್ಲ.

ನನ್ನ ಪಾಲಿನ ತಪ್ಪನ್ನೂ ಹೇಳಿಬಿಡುತ್ತೇನೆ. ಪ್ರಶ್ನೆಯನ್ನು ಮೂರು ವರ್ಷದಿಂದ ಬದಲಿಸಿರಲಿಲ್ಲ. ಗೂಗಲ್‌ನಲ್ಲಿ ಹಾಗೇ ಟೈಪ್ ಮಾಡಿದರೆ ಮೊದಲ ಪುಟದಲ್ಲೇ ಉತ್ತರ ಸಿಗುವಂಥ ಪ್ರಶ್ನೆ ಅದು. ಕರಡು ಕೇಳಿರಲಿಲ್ಲ. ಉಲ್ಲೇಖ ಹೇಗೆ ಮಾಡಬೇಕು ಅಂತ ಒಂದು ಗಂಟೆ ಪಾಠ ಮಾಡಿದ್ದೆ ನಿಜ. ಅದರಲ್ಲಿ ಮುಕ್ಕಾಲು ಭಾಗ ಅಲ್ಪವಿರಾಮ ಎಲ್ಲಿ, ಇಸವಿ ಎಲ್ಲಿ ಅನ್ನುವುದಕ್ಕೇ ಹೋಗಿತ್ತು. ಓದಿದ್ದನ್ನು ಸ್ವಂತ ಮಾತಿಗೆ ತರುವುದು ಹೇಗೆ ಅಂತ ಒಂದು ನಿಮಿಷವೂ ಹೇಳಿರಲಿಲ್ಲ. ಅದು ತಾನಾಗಿ ಬರುತ್ತದೆ ಅಂದುಕೊಂಡಿದ್ದೆ. ಜೊತೆಗೆ ಅದೇ ವಾರ ಅವರಿಗೆ ಇನ್ನೂ ಮೂರು ಅಸೈನ್‌ಮೆಂಟ್ ಇದ್ದವು. ಕೇಳಿದ್ದರೆ ಗೊತ್ತಾಗುತ್ತಿತ್ತು, ಕೇಳಿರಲಿಲ್ಲ.

ಈಗ ಪ್ರಬಂಧಕ್ಕೆ ಮೊದಲು ಒಂದು ಪುಟ ನೋಟ್ಸ್ ತೆಗೆದುಕೊಳ್ಳುತ್ತೇನೆ. ಪುಟದ ಮಧ್ಯೆ ಗೆರೆ. ಎಡಗಡೆ ಮೂಲದ ಮಾತು, ಪುಟಸಂಖ್ಯೆ ಸಮೇತ. ಬಲಗಡೆ ಮೂಲ ಮುಚ್ಚಿಟ್ಟು ಬರೆದ ಸ್ವಂತ ಮಾತು. ಬಲಗಡೆ ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ ಅಂತ ಹೇಳಿಬಿಡುತ್ತೇನೆ. ಬೇರೆ ಭಾಷೆಯಿಂದ ಅನುವಾದಿಸಿ ತಂದರೂ ಮೂಲದ ಹೆಸರು ಹೇಳಲೇಬೇಕು ಅಂತಲೂ ಮೊದಲ ದಿನವೇ ಹೇಳುತ್ತೇನೆ. ಅನುವಾದ ಮಾಡಿದರೆ ಅದು ತಮ್ಮದಾಯಿತು ಅಂತ ಪ್ರತಿ ವರ್ಷ ನಾಲ್ಕೈದು ಜನ ನಂಬಿರುತ್ತಾರೆ. ಸಾಮಾನ್ಯ ಸಾಫ್ಟ್‌ವೇರ್‌ಗೆ ಅದು ಅಷ್ಟು ಸುಲಭವಾಗಿ ಸಿಗುವುದೂ ಇಲ್ಲ.

ಎರಡು ವಾರದ ಮೇಲೆ ಹುಡುಗ ಹೊಸ ಪ್ರಬಂಧ ತಂದ. ಹೋಲಿಕೆ ಶೇಕಡಾ 9. ಆದರೆ ಹೆದರಿಕೆ ಇನ್ನೊಂದು ಕಡೆಗೆ ತಿರುಗಿತ್ತು. 1200 ಪದಕ್ಕೆ 31 ಉಲ್ಲೇಖ. ಬ್ಯಾಕ್ಟೀರಿಯಾ ಏಕಕೋಶ ಜೀವಿ ಅನ್ನುವುದಕ್ಕೂ ಮೂಲ ಕೊಟ್ಟಿದ್ದ. ಎಲ್ಲರಿಗೂ ಗೊತ್ತಿರುವ ಮಾತಿಗೆ ಬೇಡ ಕಣೋ ಅಂದರೆ, "ಎಲ್ಲರಿಗೂ ಗೊತ್ತಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು ಮೇಡಂ?" ಅಂದ. ಅದೂ ನ್ಯಾಯವೇ. ಆ ವಿಷಯದಲ್ಲಿ ಸಾಕಷ್ಟು ಓದಿದವರಿಗೆ ಮಾತ್ರ ಯಾವುದು ಎಲ್ಲರಿಗೂ ಗೊತ್ತು ಅನ್ನುವುದು ಗೊತ್ತಿರುತ್ತದೆ.

ಬರವಣಿಗೆ ಮೊದಲಿನಷ್ಟು ಗಂಭೀರವಾಗಿ ಇರಲಿಲ್ಲ. ಅಲ್ಲಲ್ಲಿ ಕುಂಟುತ್ತಿತ್ತು. ಮೆಥಿಸಿಲಿನ್ ಮದ್ದು 1959ರಲ್ಲಿ ಬಂತು, 1961ರ ಹೊತ್ತಿಗೆ ಅದಕ್ಕೂ ಜಗ್ಗದ ರೋಗಾಣು ವರದಿಯಾಯಿತು ಅನ್ನುವ ಕಡೆ, "ಎರಡೇ ವರ್ಷ!" ಅಂತ ಆಶ್ಚರ್ಯಸೂಚಕ ಹಾಕಿದ್ದ. ಮೊದಲ ಪ್ರಬಂಧದಲ್ಲಿ ಅವನು ಎಲ್ಲಿಯೂ ಆಶ್ಚರ್ಯಪಟ್ಟಿರಲಿಲ್ಲ. ಎರಡನೇ ಪ್ಯಾರಾದಲ್ಲಿ ಈ ಸಾಲಿತ್ತು: "ಫ್ಲೆಮಿಂಗ್ ಇದನ್ನು ಕಂಡದ್ದು 1928ರಲ್ಲಿ, ಬರೆದದ್ದು 1929ರಲ್ಲಿ, ಅದಕ್ಕೇ ಪುಸ್ತಕಗಳಲ್ಲಿ ಎರಡೂ ಇಸವಿ ಸಿಗುತ್ತವೆ." ಇದು ನಾನು ಹೇಳಿಕೊಟ್ಟದ್ದಲ್ಲ. ಆವತ್ತು ಇಸವಿಯ ಮಾತೇ ಎತ್ತಿರಲಿಲ್ಲ. ಆ ಸಾಲಿಗೆ ಎರಡು ಮೂಲ ಕೊಟ್ಟಿದ್ದ, ಎರಡೂ ಬೇಕಾದವೇ.

ಮುಂದಿನ ಸೆಮಿಸ್ಟರಿನಲ್ಲಿ ಒಂದು ದಿನ ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದ. ಬೇರೆ ಕೋರ್ಸಿಗೆ ಪ್ರಬಂಧ ಬರೆಯುತ್ತಿದ್ದನಂತೆ. "ಮೇಡಂ, ನನ್ನದೇ ಹಳೇ ಪ್ರಬಂಧದ ಒಂದು ಪ್ಯಾರಾ ಇಲ್ಲಿ ಹಾಕಬಹುದಾ? ನಾನೇ ಬರೆದದ್ದು, ಕಾಪಿ ಅಲ್ಲ."

ಆ ಕೋರ್ಸಿನ ಮೇಷ್ಟ್ರನ್ನು ಮೊದಲು ಕೇಳು ಅಂದೆ.

"ಕೇಳಿದೆ. ನಿಮ್ಮನ್ನ ಕೇಳು ಅಂದ್ರು."